ಹಳೆಯ ಕೋಟಿನೊಳಗಿನ ಮೆಣಸಿನ ಬೀಜ

ಆ ಬೀದಿಯಲ್ಲಿ ಹೊಸ ಬಟ್ಟೆ ಹೊಲಿಯುವವರು ಮೂವರಿದ್ದರು. ಹೊಲಿದದ್ದನ್ನು ಸರಿಪಡಿಸುವವಳು ಒಬ್ಬಳೇ. ಪ್ಯಾಂಟು ನೆಲ ಗುಡಿಸುತ್ತಿದೆ, ಅಂಗಿ ಹೊಟ್ಟೆಯ ಬಳಿ ಉಸಿರು ಕಟ್ಟಿಸುತ್ತಿದೆ, ಜಿಪ್ಪು ಹಲ್ಲು ಕಿರಿಯುತ್ತಿದೆ ಎನ್ನುವವರೆಲ್ಲ ಮೂರನೆಯ ಮಹಡಿಯಲ್ಲಿದ್ದ ಅವಳ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಅವರ ಬಾಯಲ್ಲಿ ಅವಳು ಆಲ್ಟರೇಶನ್ ಅಕ್ಕ. ಸ್ವಂತ ಹೆಸರು ಹಿಡಿದು ಕರೆದರೆ ಅವಳು ತಿರುಗಿ ನೋಡುವುದೇ ತಡವಾಗುತ್ತಿತ್ತು.

ವಯಸ್ಸು ನಲವತ್ತೆಂಟು. ತುಟಿಯ ಸಂದಿನಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ. ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಜನರನ್ನು ಮೇಲೆ ಕೆಳಗೆ ಓಡಾಡಿಸುವ ಯಂತ್ರಗಳ ರಿಪೇರಿ ಮಾಡಿ, ಸಂಜೆ ಲಿಫ್ಟೇ ಇಲ್ಲದ ತನ್ನ ಮನೆಯ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಮೂರನೆಯವರು ಅತ್ತೆ. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ಎಪ್ಪತ್ತಾರು ತುಂಬಿದ್ದರೂ ಕೊಳೆ ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಗಿರಾಕಿಗಳು ನಿಂತು ನೋಡಿಕೊಳ್ಳುವ ಉದ್ದ ಕನ್ನಡಿ. ಅದರಾಚೆ ಬಾಲ್ಕನಿ. ಒಂಬತ್ತು ಅಡಿ ಉದ್ದದ ಆ ಜಾಗದಲ್ಲಿ, ಬಣ್ಣದ ಖಾಲಿ ಡಬ್ಬಗಳಲ್ಲಿ ಇಪ್ಪತ್ತಮೂರು ಮೆಣಸಿನ ಗಿಡಗಳು. ಯಾವುದೂ ಸಂತೆಯಲ್ಲಿ ಸಿಗುವಂಥದ್ದಲ್ಲ. ಒಂದರ ಕಾಯಿ ಪುಟ್ಟ ಲಾಂದ್ರದ ಹಾಗೆ, ಒಂದರದು ಘಂಟೆಯ ಹಾಗೆ, ಒಂದರದು ಎಪ್ಪತ್ತು ವರ್ಷದವರ ಹೆಬ್ಬೆರಳಿನ ಹಾಗೆ ಸುಕ್ಕುಸುಕ್ಕು. ಈ ಹುಚ್ಚು ಅವಳಿಗೆ ಹಿಡಿದು ಆರು ವರ್ಷವಾಗಿತ್ತು. ಗಿರಾಕಿಯೊಬ್ಬಳು ಪ್ರೀತಿಯಿಂದ ಕೊಟ್ಟ ಸೊಟ್ಟ ಕಾಯಿಯ ಗಿಡದಿಂದ ಶುರುವಾಗಿ, ಗಂಡನ ಕುರ್ಚಿ ಬಾಲ್ಕನಿಯಿಂದ ಒಳಗೆ ಬರುವವರೆಗೂ ಬೆಳೆದಿತ್ತು.

ಊರಿನಲ್ಲಿ ಇಂಥ ಹುಚ್ಚಿನವರು ಇನ್ನೂ ನಲವತ್ತು ಮಂದಿ ಇದ್ದರು. ಅವರದೊಂದು ಮೆಣಸಿನ ಬಳಗ. ವರ್ಷಕ್ಕೊಂದು ಭಾನುವಾರ ಗ್ರಂಥಾಲಯದ ಹಿಂದಿನ ಹಾಲಿನಲ್ಲಿ ಕೂಡಿ, ತಾವು ಬೆಳೆದ ಬೀಜದ ಪೊಟ್ಟಣಗಳನ್ನು ಬದಲಾಯಿಸಿಕೊಳ್ಳುತ್ತಿದ್ದರು. ಬಳಗದ ಯಜಮಾನಿಕೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬ ಮೇಡಮ್ಮನವರದು. ಅವರು ಒಪ್ಪದ ಪೊಟ್ಟಣ ಮೇಜಿನ ಮೇಲೆ ಕೂರುವಂತಿರಲಿಲ್ಲ. ಒಪ್ಪಿದ್ದನ್ನೂ ಯಾರಿಗೂ ತೆಗೆದಿಡುವಂತಿರಲಿಲ್ಲ, ಸಾಲಿನಲ್ಲಿ ನಿಂತವರಿಗೆ ಮಾತ್ರ. ಮೊದಲ ದಿನವೇ ಅವಳಿಗೆ ಅವರು ಹೇಳಿದ್ದರು: "ಕಾಯಿ ನೋಡಿ ಮರುಳಾಗಬೇಡ. ಕಾಯಿ ವೇಷ ಹಾಕುತ್ತೆ. ಎಲೆ ನೋಡು, ಹೂ ನೋಡು, ತೊಟ್ಟು ನೋಡು."

ಅವಳು ನೋಡಿದ್ದಕ್ಕಿಂತ ಹೆಚ್ಚಾಗಿ ಮುಟ್ಟಿದಳು. ಪುಸ್ತಕದ ಹೆಸರುಗಳು ನಾಲಿಗೆಗೆ ಹತ್ತಲಿಲ್ಲ. ಬಟ್ಟೆಯ ಹೆಸರುಗಳು ಹತ್ತಿದವು. ಸಾಮಾನ್ಯ ಜಾತಿಯ ಎಲೆ ನುಣುಪು ಪಾಪ್ಲಿನ್. ಲಾಂದ್ರದ ಜಾತಿಯದು ಇಸ್ತ್ರಿ ಕಾಣದ ಸುಕ್ಕು ಹತ್ತಿ. ಘಂಟೆಯ ಜಾತಿಯ ಹೂವಿನ ಎಸಳಿನ ಮೇಲೆ ಹಸಿರು ಮಚ್ಚೆ, ಅಂಚಿಗೆ ಕಸೂತಿ ಹಾಕಿದಂತೆ. ಕಣ್ಣು ಮುಚ್ಚಿಕೊಂಡು ಎಲೆ ಸವರಿ ಜಾತಿ ಹೇಳುವುದನ್ನು ಕಂಡು ಬಳಗದ ಮುದುಕರು ತಲೆದೂಗಿದ್ದರು.

ಹೋದ ವರ್ಷ ಆ ತಲೆಗಳೆಲ್ಲ ಬೇರೆ ದಿಕ್ಕಿಗೆ ತಿರುಗಿದವು. ಅವಳು ಹಂಚಿದ್ದ ಹಳದಿ ಲಾಂದ್ರದ ಬೀಜ ಹನ್ನೊಂದು ಮನೆಗಳಲ್ಲಿ ಕೆಂಪು ಸೊಟ್ಟ ಕಾಯಿ ಬಿಟ್ಟಿತು. ಗಿಡಗಳನ್ನು ಒತ್ತೊತ್ತಾಗಿ ಇಟ್ಟರೆ ಜೇನುಹುಳು ಒಂದರ ಪರಾಗವನ್ನು ಇನ್ನೊಂದಕ್ಕೆ ಹೊತ್ತು ಬೀಜ ಬೆರಕೆಯಾಗುತ್ತದೆ ಎಂಬುದನ್ನು ಅವಳು ಕೇಳಿದ್ದಳು, ಕಿವಿಗೆ ಹಾಕಿಕೊಂಡಿರಲಿಲ್ಲ. ಹನ್ನೊಂದು ಪತ್ರ ಬಂದವು. ಮೇಡಂ ಹೆಚ್ಚು ಮಾತಾಡಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ನೀನು ಬಾ, ಟೀ ಕುಡಿ, ಎಲ್ಲರನ್ನೂ ಮಾತಾಡ್ಸು. ಬೀಜ ಮಾತ್ರ ತರಬೇಡ," ಎಂದರು. ಆಲ್ಟರೇಶನ್ ಮಾಡುವವಳಿಗೆ ತನ್ನ ಕೆಲಸವೇ ತಿರುಗಿ ಬರುವುದಕ್ಕಿಂತ ದೊಡ್ಡ ಅವಮಾನ ಇಲ್ಲ. ಇನ್ನೊಬ್ಬರು ಕೆಡಿಸಿದ್ದನ್ನು ಸರಿ ಮಾಡುವವಳು ತಾನು ಕೆಡಿಸಿದ್ದನ್ನು ಯಾರ ಬಳಿ ಒಯ್ಯಬೇಕು?

ಆಮೇಲೆ ಅವಳು ಜೇನುಹುಳುವಿನ ಜೊತೆ ಯುದ್ಧಕ್ಕೆ ಕೂತಳು. ಮದುವೆಯ ಗೌನೊಂದನ್ನು ಗಿಡ್ಡ ಮಾಡಿದಾಗ ಉಳಿದ ತೆಳ್ಳನೆಯ ಬಿಳಿ ಆರ್ಗಾಂಡಿ ಬಟ್ಟೆಯಲ್ಲಿ ಬೆರಳುದ್ದದ ಚೀಲಗಳನ್ನು ಹೊಲಿದಳು. ಬಾಯಿಗೆ ಎಳೆದು ಕಟ್ಟುವ ದಾರ. ಮೊಗ್ಗು ಬಿರಿಯುವ ಮುಂಚೆ ಚೀಲ ತೊಡಿಸುವುದು, ಹೂ ಬಿರಿದಾಗ ಹೊರಗಿನಿಂದ ಬೆರಳಲ್ಲಿ ಮೆಲ್ಲಗೆ ತಟ್ಟಿ ಅದರದೇ ಪರಾಗ ಅದರ ಮೇಲೆ ಉದುರಿಸುವುದು, ಹೀಚು ಬಲಿತ ಮೇಲೆ ಚೀಲ ತೆಗೆದು ತೊಟ್ಟಿಗೆ ಕೆಂಪು ನೂಲು ಕಟ್ಟುವುದು. ನೂಲು ಇದ್ದ ಕಾಯಿಯ ಬೀಜ ಶುದ್ಧ, ಇಲ್ಲದ್ದು ಅಡುಗೆಮನೆಗೆ.

ಆ ಚಳಿಗಾಲದ ಕೊನೆಗೆ ಲಾರಿ ಡ್ರೈವರೊಬ್ಬ ಹಳೆಯ ದಪ್ಪ ಕೋಟೊಂದನ್ನು ತಂದು ಮೇಜಿನ ಮೇಲೆ ಹಾಕಿದ.

"ಅಕ್ಕಾ, ಇದು ನಮ್ಮಪ್ಪಂದು. ಹಡಗಲ್ಲಿ ಅಡುಗೆ ಮಾಡ್ತಿದ್ರು. ಅವರು ಗುಡಾಣ, ನಾನು ಕೋಲು. ನನ್ನ ಅಳತೆಗೆ ಮಾಡಿಕೊಡಿ."

"ಅಪ್ಪ ಎಲ್ಲಿ?"

"ಹೋದ್ರು ಅಕ್ಕಾ, ಎರಡು ವರ್ಷ ಆಯ್ತು."

ಬಗಲಿನ ಹೊಲಿಗೆ ಬಿಚ್ಚಿದಾಗ ಒಳಗಿನ ಲೈನಿಂಗಿನ ತಳದಲ್ಲಿ ಏನೋ ಗಲಗಲ ಎಂದಿತು. ಜೇಬು ಹರಿದು ಒಳಗೆ ಜಾರಿದ್ದ ಸರಕು: ಒಂದು ಬೆಂಕಿಕಡ್ಡಿ, ಒಂದು ಅಂಗಿ ಗುಂಡಿ, ಒಣಗಿ ಪುಡಿಯಾದ ಯಾವುದೋ ಕಾಯಿಯ ಸಿಪ್ಪೆ, ಹನ್ನೊಂದು ಬೀಜ. ಬೀಜ ಮೆಣಸಿನದೇ, ಅನುಮಾನವಿಲ್ಲ. ಹಳೆಯದಾಗಿ ಕಪ್ಪುಗಟ್ಟಿವೆ ಎಂದುಕೊಂಡಳು. ಡ್ರೈವರನನ್ನು ಕೇಳಿ ಇಟ್ಟುಕೊಂಡಳು. "ಬೀಜ ನಿಮಗೆ, ಗುಂಡಿ ನನಗೆ," ಎಂದು ಅವನು ಖುಷಿಯಾಗಿ ಹೋದ.

ಹನ್ನೊಂದರಲ್ಲಿ ಮೊಳೆತದ್ದು ಎರಡು, ಉಳಿದದ್ದು ಒಂದು. ಆ ಒಂದು ಗಿಡ ಕಿಟಕಿಯ ಎತ್ತರಕ್ಕೆ ಬೆಳೆದು ನೇರಳೆ ಹೂ ಬಿಟ್ಟಿತು. ನೇರಳೆ ಹೂವಿನ ಅಲಂಕಾರದ ಮೆಣಸೊಂದು ಅವಳ ಬಳಿ ಮೊದಲೇ ಇತ್ತು. ಇದೂ ಅದರದೇ ಯಾವುದೋ ಎತ್ತರದ ತಳಿ ಎಂದು ತೀರ್ಮಾನಿಸಿ, ಹಾಗೆಂದೇ ತನ್ನ ನೋಟುಪುಸ್ತಕದಲ್ಲಿ ಬರೆದಳು. ಎಲೆ ಮುಟ್ಟಿದಾಗ ಮೆತ್ತನೆಯ ರೋಮ ಕೈಗೆ ತಾಗಿ, ಫ್ಲಾನೆಲ್ ಎಂದು ಬೆರಳು ಹೇಳಿತು. ಬೆರಳಿನ ಮಾತನ್ನು ಅವಳು ಆ ದಿನ ಕೇಳಲಿಲ್ಲ. ಹೇಗೂ ಬಳಗದಲ್ಲಿ ಯಾರ ಬಳಿಯೂ ಇಲ್ಲದ ಗಿಡ; ಶುದ್ಧ ಬೀಜ ತೆಗೆದು ಭಾನುವಾರದ ಮೇಜಿನ ಮೇಲೆ ಇಟ್ಟರೆ ಹನ್ನೊಂದು ಪತ್ರಗಳ ಬಾಯಿ ಮುಚ್ಚುತ್ತದೆ. ಅದರ ಏಳು ಹೂಗಳಿಗೆ ಏಳು ಚೀಲ ಕಟ್ಟಿದಳು.

ಚೀಲದೊಳಗೆ ಹೀಚುಗಳು ಮೂಡಿದ ವಾರದಲ್ಲೇ ಶಾಲೆಯೊಂದರ ರಂಗಮಂದಿರದ ಪರದೆಗಳನ್ನು ಗಿಡ್ಡ ಮಾಡುವ ಕೆಲಸ ಬಂತು. ಮೂರು ದಿನ ಬೆಳಿಗ್ಗೆ ಹೋಗಿ ಕತ್ತಲಿಗೆ ಬಂದಳು. ನಾಲ್ಕನೆಯ ಬೆಳಿಗ್ಗೆ ಕೆಂಪು ನೂಲಿನ ಉಂಡೆ ಹಿಡಿದು ಬಾಲ್ಕನಿಗೆ ಕಾಲಿಟ್ಟವಳು ಅಲ್ಲೇ ನಿಂತಳು.

ಇಪ್ಪತ್ತಮೂರು ಗಿಡಗಳ ಮೇಲೂ ಚೀಲಗಳಿದ್ದವು. ಹಾಲಿನಂತೆ ಬೆಳ್ಳಗಿದ್ದವು. ಗಂಜಿ ಕುಡಿದು, ಇಸ್ತ್ರಿ ಹಾಕಿಸಿಕೊಂಡು, ಸೆಟೆದು ನಿಂತಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಗಿಡಕ್ಕೂ ಸರಿಯಾಗಿ ಎರಡೆರಡು ಇದ್ದವು.

"ಅತ್ತೇ..."

"ನೋಡ್ದೆಯಾ?" ಅತ್ತೆ ಒಳಗಿಂದಲೇ ಹೆಮ್ಮೆಯಿಂದ ಕೂಗಿದರು. "ಎಷ್ಟು ಕೊಳೆಯಾಗಿದ್ವು ಅಂತೀಯ! ನಲವತ್ತಾರು ಚೀಲ, ಒಂದೂ ಕಳೆದಿಲ್ಲ. ಬೇಕಾದ್ರೆ ಎಣಿಸ್ಕೋ."

"ಯಾವುದು ಎಲ್ಲಿತ್ತೋ ಅಲ್ಲೇ ಕಟ್ಟಿದ್ರಾ ಅತ್ತೆ?"

"ಅದೆಲ್ಲಿ ಆಗುತ್ತೆ? ನೀನು ಕಟ್ಟಿದ್ದ ಚಂದ ನೋಡ್ಬೇಕಿತ್ತು. ಒಂದು ಗಿಡಕ್ಕೆ ಏಳು, ಪಕ್ಕದ್ದಕ್ಕೆ ಒಂದೂ ಇಲ್ಲ. ನಮ್ಮ ಆಸ್ಪತ್ರೇಲಿ ಯಾರಾದ್ರೂ ಒಂದು ವಾರ್ಡಿಗೆ ಏಳು ದಿಂಬಿನ ಚೀಲ ಕೊಟ್ಟು ಇನ್ನೊಂದಕ್ಕೆ ಬರಿಗೈ ಆಡಿಸಿದ್ರೆ ನಾನು ಸುಮ್ನೆ ಬಿಡ್ತಿದ್ನಾ? ಸಮಸಮ ಹಂಚಿದೀನಿ."

ಅವಳು ಬಾಲ್ಕನಿಯ ಹೊಸ್ತಿಲ ಮೇಲೆ ಕೂತಳು. ಕೋಟಿನ ಗಿಡದ ಮೇಲೆ ಹತ್ತಾರು ಹೀಚುಗಳಿದ್ದವು. ಅವುಗಳಲ್ಲಿ ಚೀಲದೊಳಗೆ ಕಟ್ಟಿದ ಏಳು ಯಾವುವು, ಜೇನುಹುಳು ಮುಟ್ಟಿದ್ದು ಯಾವುವು, ಬ್ರಹ್ಮನಿಗೂ ತಿಳಿಯದು. ಹೀಚು ಹಣ್ಣಾಗಿ ಬೀಜ ಒಣಗಲು ಹೆಚ್ಚುಕಡಿಮೆ ಮೂರು ತಿಂಗಳು ಬೇಕು. ಬೀಜದ ಭಾನುವಾರಕ್ಕೂ ಉಳಿದದ್ದು ಅಷ್ಟೇ. ಹೊಸ ಹೂವಿಗೆ ಮತ್ತೆ ಚೀಲ ಕಟ್ಟಿ ಕೂರುವಷ್ಟು ಹೊತ್ತಿಲ್ಲ.

ಒಂದೂವರೆ ದಿನ ಅವಳು ಅತ್ತೆಯ ಜೊತೆ ಮಾತು ಬಿಟ್ಟಳು. ಅತ್ತೆಗೆ ಅದು ಗೊತ್ತಾಗಲಿಲ್ಲ. ಆ ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದುದು. ಗೊತ್ತಾದ ಮೇಲೆ ಅವರು ಬಾಲ್ಕನಿಯಲ್ಲಿ ಒಬ್ಬರೇ ಹತ್ತು ನಿಮಿಷ ನಿಂತು ಬಂದರು. "ಒಗೆಯೋದಕ್ಕೆ ಮುಂಚೆ ಗುರುತು ಹಾಕ್ಕೋಬೇಕಿತ್ತು. ಅದು ನನ್ನ ತಪ್ಪು. ಒಗೆದದ್ದು ತಪ್ಪಲ್ಲ," ಎಂದರು. ಎಪ್ಪತ್ತಾರು ವರ್ಷದಲ್ಲಿ ಅವರು ಒಪ್ಪಿಕೊಂಡ ಮೊದಲ ತಪ್ಪು ಅದಾಗಿತ್ತು. ಸೊಸೆ ಅದನ್ನು ಮಡಿಸಿ ಎತ್ತಿಟ್ಟುಕೊಂಡಳು.

ಕಾಯಿಗಳು ದಪ್ಪಗಾದವು. ಹೆಚ್ಚಿನ ಹೀಚುಗಳು ಒಂದು ಬಿಸಿಲಿನ ವಾರಕ್ಕೆ ಉದುರಿಹೋದವು, ನಾಲ್ಕು ನಿಂತವು. ಪುಟ್ಟ ಸೇಬಿನ ಹಾಗೆ ಗುಂಡಗೆ, ಮೆಲ್ಲಗೆ ಕೆಂಪಾಗುತ್ತ ಬಂದವು. ಬೀಜದ ಭಾನುವಾರಕ್ಕೆ ಹನ್ನೆರಡು ದಿನ ಉಳಿದಾಗ ಗಂಡ ಹೇಳಿದ:

"ನಾಲ್ಕೂ ಶುದ್ಧ ಅಂತ ಬರೆದು ಕೊಟ್ಬಿಡು. ಇದ್ದರೂ ಇರಬಹುದು. ಯಾರಿಗೆ ಗೊತ್ತಾಗುತ್ತೆ?"

"ಮುಂದಿನ ವರ್ಷ ಎಲ್ಲರಿಗೂ ಗೊತ್ತಾಗುತ್ತೆ ರೀ. ಅವರ ಡಬ್ಬದಲ್ಲೇ ಬೆಳೆದು ನಿಂತಿರುತ್ತೆ."

"ಹಂಗಾದ್ರೆ ಕೊಡಬೇಡ."

"ಕೊಡದಿದ್ರೆ ಕೊಡೋಕೆ ಏನೂ ಇಲ್ಲ. ಉಳಿದ ಗಿಡಗಳ ಕಥೆಯೂ ಇದೇ ಅಲ್ವಾ?"

"ಲಿಫ್ಟು ಎರಡು ಮಹಡಿ ಮಧ್ಯೆ ನಿಂತರೆ," ಎಂದ ಅವನು, "ನಾವು ಮೊದಲು ಒಳಗಿದ್ದವರಿಗೆ ನಿಂತಿದೆ ಅಂತ ಹೇಳ್ತೀವಿ. ಅರ್ಧ ಗಲಾಟೆ ಅಲ್ಲಿಗೇ ಮುಗಿಯುತ್ತೆ."

ಮರುದಿನ ಅವಳು ಒಂದು ಹಣ್ಣಾದ ಕಾಯಿ, ಹೂವಿರುವ ಒಂದು ಕೊಂಬೆ, ತನ್ನ ನೋಟುಪುಸ್ತಕ ಮೂರನ್ನೂ ಬಿಸ್ಕತ್ತಿನ ಡಬ್ಬದಲ್ಲಿಟ್ಟುಕೊಂಡು ಮೇಡಮ್ಮನವರ ಮನೆಗೆ ಹೋದಳು. ಅವರು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದರು. ಅವಳು ಕೂರದೆ, ನಿಂತೇ, ಚೀಲ ಒಗೆದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಗಂಜಿಯನ್ನೂ ಬಿಡಲಿಲ್ಲ.

ಮೇಡಂ ನಗಲಿಲ್ಲ. "ಉಳಿದ ಇಪ್ಪತ್ತೆರಡು ಗಿಡದ ಬೀಜ ಈ ವರ್ಷ ಬರಬಾರದು. ಗೊತ್ತಲ್ಲ?"

"ಗೊತ್ತು ಮೇಡಂ."

"ಇದು ಯಾವುದು?"

"ಅಲಂಕಾರದ ನೇರಳೆ ಹೂವಿಂದು, ಎತ್ತರದ ತಳಿ. ಅಂತ ಬರೆದಿದೀನಿ."

ಮೇಡಂ ಕೊಂಬೆಯನ್ನು ಎತ್ತಿಕೊಂಡರು. ಎಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಭೂತಗನ್ನಡಿ ತೆಗೆದು ಹೂವನ್ನು ನೋಡಿದರು. ಕನ್ನಡಿ ಕೆಳಗಿಟ್ಟು ಅವಳನ್ನು ನೋಡಿದರು.

"ಎಲೆ ಮುಟ್ಟಿದ್ದೀಯಾ?"

"ಹೂಂ ಮೇಡಂ."

"ಏನು ಬಟ್ಟೆ?"

"ಫ್ಲಾನೆಲ್."

"ನಿನ್ನ ಅಲಂಕಾರದ ಗಿಡದ ಎಲೆ?"

"...ಪಾಪ್ಲಿನ್."

"ಮತ್ತೆ? ಅಂಗಡಿಗೆ ಹೋದಾಗ ನೀನು ಬಣ್ಣ ನೋಡಿ ಬಟ್ಟೆ ತಗೋತೀಯಾ?"

ಅವಳ ಕಿವಿ ಬಿಸಿಯಾಯಿತು. ಕಾಲೇಜಿನ ಮಕ್ಕಳು ಇವರಿಗೆ ಏಕೆ ನಡುಗುತ್ತಿದ್ದರೆಂದು ಅರ್ಥವಾಯಿತು. ಮೇಡಂ ಚಾಕು ತೆಗೆದು ಕಾಯಿಯ ಮೇಲೆ ಇಟ್ಟರು.

"ಕತ್ತರಿಸಲಾ?"

ಇರುವ ನಾಲ್ಕರಲ್ಲಿ ಒಂದು. ಅವಳು ತಲೆಯಾಡಿಸಿದಳು.

ಕಾಯಿಯ ಗೋಡೆ ದಪ್ಪ, ರಸ ಒಸರುತ್ತಿತ್ತು. ಒಳಗೆ, ತಿರುಳಿಗೆ ಅಂಟಿ ಕೂತ ಬೀಜಗಳು ಕುಪ್ಪಸದ ಗುಂಡಿಯಂತೆ ಮಿರಮಿರ ಮಿಂಚುತ್ತಿದ್ದವು. ಹೊಚ್ಚ ಹೊಸ ಬೀಜ. ಕಡುಗಪ್ಪು.

"ಹಳೇದಾಗಿ ಕಪ್ಪಾಗಿದೆ ಅಂದ್ಕೊಂಡಿದ್ದೆ," ಎಂದು ಅವಳು ಮೆಲ್ಲಗೆ ಹೇಳಿದಳು.

ಆಗ ಮೇಡಂ ನಕ್ಕರು. ಅವರು ನಗುವುದನ್ನು ಬಳಗದಲ್ಲಿ ಯಾರೂ ಕಂಡಿರಲಿಲ್ಲ. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಮೇಜಿಗೆ ಎರಡು ಸಲ ಗುದ್ದಿ ನಕ್ಕರು.

"ಹುಚ್ಚಿ, ಕೂತ್ಕೋ. ಇದು ರೊಕೊಟೊ. ಎತ್ತರದ ತಣ್ಣನೆಯ ಬೆಟ್ಟಗಳ ಕಡೆಯ ಜಾತಿ. ಮನುಷ್ಯರು ಬೆಳೆಸೋ ಮೆಣಸುಗಳಲ್ಲಿ ಕಪ್ಪು ಬೀಜ ಇರೋದು ಇದೊಂದಕ್ಕೇ. ನಲವತ್ತು ವರ್ಷ ಪಾಠ ಮಾಡಿದೀನಿ, ಕೈಯಲ್ಲಿ ಹಿಡಿದಿದ್ದು ಇವತ್ತೇ."

"ಶುದ್ಧ ಇದೆಯೋ ಇಲ್ವೋ ಮೇಡಂ?"

"ಅದನ್ನೇ ಹೇಳ್ತಿದೀನಿ. ಇದಕ್ಕೆ ನಿನ್ನ ಬಾಲ್ಕನಿಯ ಯಾವ ಗಿಡದ ಜೊತೆಗೂ ಸಂಬಂಧ ಕೂಡಿಬರಲ್ಲ. ಜೇನುಹುಳು ಸಾವಿರ ಸಲ ಪರಾಗ ತಂದು ಸುರಿದರೂ ಬೆರಕೆ ಆಗಲ್ಲ. ಇದರ ಜಾತಿಯದು ನಿನ್ನ ಹತ್ರ ಇರೋದು ಇದೊಂದೇ. ನಾಲ್ಕು ಕಾಯೂ ಶುದ್ಧ. ಚೀಲ ಹಾಕದಿದ್ರೂ ಶುದ್ಧ, ಹಾಕಿದ್ರೂ ಶುದ್ಧ, ಗಂಜಿ ಹಾಕಿದ್ರೂ ಶುದ್ಧ."

ಅವಳು ಡಬ್ಬವನ್ನು ಎದೆಗೆ ಅವುಚಿಕೊಂಡು ಮನೆಗೆ ಬಂದಳು. ಎರಡು ಸ್ಟಾಪು ಮೊದಲೇ ಬಸ್ಸಿನಿಂದ ಇಳಿದದ್ದು ಗೊತ್ತಾಗಲಿಲ್ಲ. ಮೂರು ಮಹಡಿ ಹತ್ತಿದ್ದೂ ಗೊತ್ತಾಗಲಿಲ್ಲ.

ಸುದ್ದಿ ಕೇಳಿದ ಅತ್ತೆ ಸೊಂಟಕ್ಕೆ ಕೈಯಿಟ್ಟರು. "ಅಂದ್ರೆ, ನಾನು ಒಗೆದಿದ್ದಕ್ಕೆ ಏನೂ ಆಗಲಿಲ್ಲ."

"ಇದಕ್ಕೆ ಆಗಲಿಲ್ಲ ಅತ್ತೆ. ಉಳಿದ ಇಪ್ಪತ್ತೆರಡಕ್ಕೆ ಆಯ್ತು."

"ಒಗೆದದ್ದು ತಪ್ಪಲ್ಲ ಅಂತ ಅವತ್ತೇ ಹೇಳಿದ್ದೆ."

ಮಿಕ್ಕ ಮೂರು ಕಾಯಿಗಳನ್ನು ಹಣ್ಣಾದಂತೆ ಕೊಯ್ದು ಬೀಜ ಬಿಡಿಸಿ, ಕಾಗದದ ಮೇಲೆ ಹರಡಿ ಒಣಗಿಸಿದ್ದಾಯಿತು. ತಿರುಳು ಉಳಿಯಿತು. ಲಾರಿ ಡ್ರೈವರನನ್ನು ಕರೆಸಿದರು. ಅಳತೆಗೆ ಸರಿಯಾದ ಅಪ್ಪನ ಕೋಟು ತೊಟ್ಟುಕೊಂಡೇ ಬಂದ. ಎಣ್ಣೆಯಲ್ಲಿ ಹುರಿದ ತಿರುಳನ್ನು ಬೆಂದ ಆಲೂಗಡ್ಡೆಯ ಮೇಲೆ ಹಾಕಿ ನಾಲ್ಕು ಜನ ಇಸ್ತ್ರಿ ಮೇಜಿನ ಸುತ್ತ ಕೂತರು. ಮೊದಲ ತುತ್ತು ಸಿಹಿ, ಹಣ್ಣಿನ ಹಾಗೆ. ಡ್ರೈವರ, "ಏನಕ್ಕಾ, ಇದರಲ್ಲಿ ಖಾರಾನೇ..." ಎಂದು ಮಾತು ಅಲ್ಲಿಗೇ ನಿಲ್ಲಿಸಿದ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಗಂಡ ಎದ್ದು ನಿಂತು ಕೂತು ಮತ್ತೆ ಎದ್ದ. ಅತ್ತೆ ಒಬ್ಬರೇ ಮುಖದ ಗೆರೆ ಅಲುಗದಂತೆ ಅಗಿದು ನುಂಗಿ, "ಇನ್ನೊಂಚೂರು ಹಾಕು," ಎಂದು ತಟ್ಟೆ ಚಾಚಿದರು. ಅವರ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು.

"ಅತ್ತೆ, ಅಳ್ತಿದೀರಿ."

"ಅಳ್ತಿಲ್ಲ ಕಣೇ. ಕಣ್ಣು ಒಳಗಿಂದ ಶುಭ್ರ ಆಗ್ತಿದೆ."

ಡ್ರೈವರ ಕೆಮ್ಮಿ ಕೆಮ್ಮಿ ನಕ್ಕ. "ನಮ್ಮಪ್ಪ ಅಡುಗೆ ಮಾಡಿದ ದಿನ ಹಡಗಿನವರು ಯಾರೂ ಎದುರು ಮಾತಾಡ್ತಿರಲಿಲ್ಲ ಅಂತ ಕೊಚ್ಚಿಕೊಳ್ತಿದ್ರು ಅಕ್ಕಾ. ಈಗ ಗೊತ್ತಾಯ್ತು. ಬಾಯಿ ಬಿಡೋಕೆ ಆಗ್ತಿರಲಿಲ್ಲ."

ಭಾನುವಾರ ಗ್ರಂಥಾಲಯದ ಹಿಂದಿನ ಹಾಲಿನಲ್ಲಿ ಉದ್ದ ಮೇಜುಗಳು. ಅವಳ ಪಾಲಿನ ಜಾಗ ಬಾಗಿಲ ಪಕ್ಕದ ಮೂಲೆ. ಮುಂದೆ ಒಂದೇ ಒಂದು ಡಬ್ಬ, ಡಬ್ಬದಲ್ಲಿ ಏಳೇಳು ಕಪ್ಪು ಬೀಜದ ಇಪ್ಪತ್ತಾರು ಪೊಟ್ಟಣ, ಪಕ್ಕದ ಕುರ್ಚಿಯಲ್ಲಿ ಅತ್ತೆ. ಪೊಟ್ಟಣದ ಮೇಲಿನ ಹೆಸರನ್ನು ಮೇಡಂ ತಮ್ಮ ಕೈಯಾರೆ ಬರೆದುಕೊಟ್ಟಿದ್ದರು: ರೊಕೊಟೊ, ಹಡಗಿನ ಅಡುಗೆಯವನ ತಳಿ. ಉಳಿದ ಗಿಡಗಳ ಬೀಜ ಈ ವರ್ಷ ಏಕಿಲ್ಲ ಎಂಬುದನ್ನೂ ಅವಳು ಒಂದು ಹಾಳೆಯಲ್ಲಿ ಬರೆದು ಮೇಜಿಗೆ ಅಂಟಿಸಿದ್ದಳು. ಜನ ಮೊದಲು ಅದನ್ನು ಓದಿದರು. ಓದಿ ನಕ್ಕರು. ನಕ್ಕವರು ಸಾಲಿನಲ್ಲಿ ನಿಂತರು. ಹಳದಿ ಲಾಂದ್ರದ ಬೀಜ ನೆಟ್ಟು ಕೆಂಪು ಸೊಟ್ಟ ಕಾಯಿ ಕೊಯ್ದವರೂ ನಿಂತರು. ಅತ್ತೆ ಪ್ರತಿಯೊಬ್ಬರಿಗೂ ಪೊಟ್ಟಣದ ಜೊತೆ ಒಂದು ಉಪದೇಶ ಕೊಡುತ್ತಿದ್ದರು: ಚೀಲ ತಿಂಗಳಿಗೊಮ್ಮೆ ಒಗೆಯಬೇಕು, ಒಗೆಯುವ ಮುಂಚೆ ಗುರುತು ಹಾಕಬೇಕು.

ಹಾಲಿನ ಎಲ್ಲ ಮೇಜುಗಳನ್ನೂ ತಪಾಸಣೆ ಮಾಡಿ ಮುಗಿಸಿ ಮೇಡಂ ಅವಳ ಮುಂದೆ ಬಂದು ನಿಲ್ಲುವಷ್ಟರಲ್ಲಿ ಡಬ್ಬ ಬರಿದಾಗಿತ್ತು. ಅವರು ಬಗ್ಗಿ ಡಬ್ಬದೊಳಗೆ ನೋಡಿದರು. ಡಬ್ಬವನ್ನು ಬೋರಲು ಮಾಡಿ ತಟ್ಟಿ ನೋಡಿದರು.

"ನನಗೆ?"

"ಮುಗೀತು ಮೇಡಂ."

"ಮುಗೀತು ಅಂದ್ರೆ? ಇದು ಏನು ಅಂತ ಹೇಳಿದವಳು ನಾನು. ಹೆಸರು ಬರೆದುಕೊಟ್ಟವಳು ನಾನು."

"ನಿಮ್ಮದೇ ನಿಯಮ ಅಲ್ವಾ ಮೇಡಂ, ಯಾರಿಗೂ ತೆಗೆದಿಡಬಾರದು, ಸಾಲಲ್ಲಿ ನಿಂತವರಿಗೆ ಮಾತ್ರ ಅಂತ?"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಮೇಡಂ ಅವಳನ್ನು ಕನ್ನಡಕದ ಮೇಲಿಂದ ಬಹಳ ಹೊತ್ತು ನೋಡಿದರು. ಆಲ್ಟರೇಶನ್ ಅಕ್ಕ ನೋಟ ತಪ್ಪಿಸಲಿಲ್ಲ. ಒಂದು ವರ್ಷದಿಂದ ಬಗ್ಗಿದ್ದ ಅವಳ ಕತ್ತು ಈಗ ನೆಟ್ಟಗಿತ್ತು. ತುಟಿಯಲ್ಲಿ ಗುಂಡುಸೂಜಿ ಇರಲಿಲ್ಲವಾದ್ದರಿಂದ ನಗು ತಡೆಯುವುದು ಕಷ್ಟವಾಗಿತ್ತು.

"ಮುಂದಿನ ವರ್ಷ ಬೇಗ ಬನ್ನಿ ಮೇಡಂ," ಎಂದಳು. "ಎಂಟು ಗಂಟೆಗೇ ಬಾಗಿಲು ತೆಗೀತಾರೆ."